ಅಂಗಿಯ ಅರ್ಥಶಾಸ್ತ್ರ

ಬೆಳಗಿನ ಜಾವ ಚಾಂಪಿಯನ್ ರೀಫ್ಸ್‌ನಲ್ಲಿ ಬೆಂಗಳೂರಿನ ರೈಲಿಗಾಗಿ ಕಾಯುವವರನ್ನು ಗಮನಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವರು ಬಂದದ್ದು ಗಣಿ ಕಾಲದ ಕಿರಿದಾದ ಲೈನ್ ಮನೆಗಳಿಂದಲೇ ಇರಬಹುದು. ಆದರೆ ಅಂಗಿಗೆ ಇಸ್ತ್ರಿಯಿದೆ, ಬೂಟಿಗೆ ಹೊಳಪಿದೆ. ಬಂಗಾರಪೇಟೆ ದಾಟುವ ಹೊತ್ತಿಗೆ ತುಂಬಿ ತುಳುಕುವ ಆ ಗಾಡಿಯಲ್ಲಿ ಇಸ್ತ್ರಿ ಕೆಡದಂತೆ ಕಾಪಾಡಿಕೊಳ್ಳುವುದೂ ನಿತ್ಯದ ಕೆಲಸವೇ. ಈ ಗಂಡಸರಿಗೆ ಉಡುಪಿನ ಪಾಠ ಹೇಳಿಕೊಟ್ಟವರು ಯಾರು?

ಪುರುಷರ ಫ್ಯಾಷನ್ ಪತ್ರಿಕೆಗಳಂತೂ ಅಲ್ಲ. ಇಂದು ಜಿಕ್ಯೂ ಎಂದು ಪ್ರಸಿದ್ಧವಾಗಿರುವ ಪತ್ರಿಕೆಯ ಮೂಲ 1931ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಅಪ್ಯಾರಲ್ ಆರ್ಟ್ಸ್’. ಅದು ಓದುಗನಿಗಾಗಿ ಹುಟ್ಟಿದ್ದಲ್ಲ, ಬಟ್ಟೆ ವ್ಯಾಪಾರಿಗಾಗಿ ಹುಟ್ಟಿದ್ದು. ಗಿರಾಕಿಗೆ ಏನನ್ನು ತೋರಿಸಿ ಹೇಗೆ ಮಾರಬೇಕೆಂಬುದೇ ಅದರ ಕಾಳಜಿ. 2008ರಲ್ಲಿ ಅದರ ಭಾರತೀಯ ಆವೃತ್ತಿ ಬಂತು. ಕನ್ನಡದಲ್ಲಿ ಆ ಸ್ಥಾನವನ್ನು ಬಹುಮಟ್ಟಿಗೆ ಸಿನಿಮಾ ತುಂಬಿದೆ. 2018ರ ‘ಕೆಜಿಎಫ್’ ಚಿತ್ರದ ನಂತರ ಊರೂರಿನ ಹುಡುಗರು ನಾಯಕನಂತೆ ಗಡ್ಡ ಬಿಟ್ಟರು. ಆದರೆ ಚಿತ್ರಕ್ಕೆ ಹೆಸರು ಕೊಟ್ಟ ಊರಿನವರು ಕೆಲಸಕ್ಕೆ ಹೋಗುವಾಗ ನಾಯಕನ ಸೂಟು ತೊಡುವುದಿಲ್ಲ.

ಪತ್ರಿಕೆಯ ಓದುಗ ಕೇಳುವುದು, ನಾಲ್ವರ ನಡುವೆ ಭಿನ್ನವಾಗಿ ಕಾಣುವುದು ಹೇಗೆಂದು. ಸಾಮಾನ್ಯನ ಪ್ರಶ್ನೆ ಬೇರೆ: ಬಾಗಿಲಲ್ಲೇ ಯಾರೂ ತನ್ನನ್ನು ತಡೆಯದಂತೆ ಇರುವುದು ಹೇಗೆ? ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದ. ಜೀವ ಉಳಿಸಿಕೊಳ್ಳಲು ನಾರುಬಟ್ಟೆಯ ಅಂಗಿ ಬೇಕಿಲ್ಲ. ಆದರೂ ತನ್ನ ಕಾಲದ ಯೂರೋಪಿನಲ್ಲಿ ಮರ್ಯಾದಸ್ಥ ಕೂಲಿಕಾರನೊಬ್ಬ ಅದಿಲ್ಲದೆ ಸಾರ್ವಜನಿಕವಾಗಿ ಕಾಣಿಸಿಕೊಳ್ಳಲು ನಾಚುತ್ತಾನೆ, ಆದ್ದರಿಂದ ಅದು ಅಗತ್ಯ ವಸ್ತುವೇ ಎಂಬುದು ಅವನ ವಾದ. ಅಮರ್ತ್ಯ ಸೇನ್ ಬಡತನದ ವ್ಯಾಖ್ಯಾನಕ್ಕೆ ಇದೇ ಮಾತನ್ನು ಆಧಾರವಾಗಿಸಿಕೊಂಡರು.

ಚಾಂಪಿಯನ್ ರೀಫ್ಸ್‌ನಲ್ಲಿ ಈ ವಾದಕ್ಕೆ ಇನ್ನೊಂದು ಆಯಾಮವಿದೆ. ಮೂರು ಕಿಲೋಮೀಟರಿಗೂ ಆಳದ ಗಣಿಯಲ್ಲಿ ದುಡಿದವರಲ್ಲಿ ತಮಿಳು ಮಾತನಾಡುವ ದಲಿತರೇ ಹೆಚ್ಚು. ಒಳ್ಳೆಯ ಬಟ್ಟೆ ತೊಡುವುದೇ ಅಪರಾಧವೆನಿಸಿದ್ದ ಹಳ್ಳಿಗಳ ನೆನಪು ಅವರ ಹಿರಿಯರಿಗಿತ್ತು. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡುಬಟ್ಟೆಗೆ ಇಳಿದದ್ದು ತ್ಯಾಗ. ಅಂಬೇಡ್ಕರ್ ಸೂಟು ಧರಿಸಿದ್ದು ಹಕ್ಕಿನ ಘೋಷಣೆ. ಏನೂ ಇಲ್ಲದವನಿಗೆ ತ್ಯಾಗ ಮಾಡಲು ಏನಿದೆ? ಇಲ್ಲಿನ ಇಸ್ತ್ರಿಯ ಅಂಗಿಯನ್ನು ಶೋಕಿ ಎನ್ನುವವರು ಈ ಚರಿತ್ರೆಯನ್ನು ಮರೆತಿರುತ್ತಾರೆ.

2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೆ ಇಲ್ಲಿನ ಗಂಡಸಿಗೆ ಒಳ್ಳೆಯ ಅಂಗಿ ಭಾನುವಾರದ ಉಡುಪು. ಸುರಂಗದಲ್ಲಿ ಅದನ್ನು ನೋಡುವವರಾರು? ಈಗ ಅವನ ಮಗ ಬೆಂಗಳೂರಿನ ಮಾಲ್‌ನ ಬಾಗಿಲಲ್ಲೋ ಅಂಗಡಿಯ ಕೌಂಟರಿನಲ್ಲೋ ನಿಲ್ಲುತ್ತಾನೆ. ಅಂಗಿಯೇ ಅವನ ಕೆಲಸದ ಸಲಕರಣೆ. ವ್ಯತ್ಯಾಸವಿಷ್ಟೇ: ಗಣಿಯ ಸಲಕರಣೆ ಕಂಪನಿಯ ಆಸ್ತಿಯಾಗಿತ್ತು, ಸಂದರ್ಶನಕ್ಕೆ ಬೇಕಾದ ಅಂಗಿ, ಪ್ಯಾಂಟು, ಬೂಟುಗಳ ಬಂಡವಾಳವನ್ನು ನಿರುದ್ಯೋಗಿಯೇ ಹೂಡಬೇಕು.

ಈ ವಿಷಯದಲ್ಲಿ ನನ್ನಂಥವರೂ ನಿರ್ದೋಷಿಗಳಲ್ಲ. ಸೇವೆಯಲ್ಲಿದ್ದಾಗ ನಾನು ಹಲವು ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇನೆ. ಅಭ್ಯರ್ಥಿ ಬಾಯಿ ತೆರೆಯುವ ಮೊದಲೇ ನಮ್ಮ ಕಣ್ಣು ಅವನ ಕಾಲರಿನ ಮೇಲಿರುತ್ತಿತ್ತು. ಒಮ್ಮೆ ಎರವಲು ತಂದ ದೊಡ್ಡ ಅಳತೆಯ ಅಂಗಿಯಲ್ಲಿ ಬಂದ ಹುಡುಗನಿಗೆ ‘ವ್ಯಕ್ತಿತ್ವ’ದ ಅಂಕಣದಲ್ಲಿ ಕಡಿಮೆ ಅಂಕ ಬಿತ್ತು. ಆ ಅಂಕ ಕೊಟ್ಟವರಲ್ಲಿ ನಾನೂ ಒಬ್ಬ. ಅವನ ಉತ್ತರಗಳಲ್ಲಿ ದೋಷವಿರಲಿಲ್ಲ.

ಉಡುಪು ಉದ್ಯೋಗದ ವೆಚ್ಚವೆಂಬುದನ್ನು ಸರ್ಕಾರ ತನ್ನ ನೌಕರರ ಮಟ್ಟಿಗೆ ಒಪ್ಪಿಕೊಂಡಿದೆ. ಏಳನೇ ವೇತನ ಆಯೋಗದ ಶಿಫಾರಸಿನ ನಂತರ 2017ರಲ್ಲಿ ಕೇಂದ್ರವು ಸಮವಸ್ತ್ರ ಧರಿಸುವ ವಿವಿಧ ವರ್ಗದ ಸಿಬ್ಬಂದಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಉಡುಪು ಭತ್ಯೆ ನಿಗದಿಪಡಿಸಿತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದನ್ನು ಮೀರಿದ್ದಕ್ಕೆ ಶೇ. 18 ಜಿಎಸ್‌ಟಿ ಜಾರಿಗೆ ಬಂತು. ಅಂದರೆ ಅಗತ್ಯದ ಅಂಗಿಗೂ ಆಡಂಬರದ ಅಂಗಿಗೂ ನಡುವೆ ತೆರಿಗೆಯೂ ಗೆರೆ ಎಳೆದಿದೆ. ಉಳಿದಿರುವುದು ಗುತ್ತಿಗೆ ನೌಕರನ ಪಾಲು. ನೌಕರ ಇಂಥದೇ ಉಡುಪಿನಲ್ಲಿರಬೇಕೆಂದು ಬಯಸುವ ಸಂಸ್ಥೆಯೇ ಅದರ ವೆಚ್ಚವನ್ನೂ ಭರಿಸಬೇಕು, ಸಂಬಳದಲ್ಲಿ ಮುರಿದುಕೊಳ್ಳಬಾರದು. ಕನಿಷ್ಠ ವೇತನದ ಲೆಕ್ಕದಲ್ಲಿ ಬಟ್ಟೆಯೆಂದರೆ ಮೈಮುಚ್ಚುವ ಗಜಗಳಷ್ಟೇ ಆಗಬಾರದು. ಆ ಉದ್ಯೋಗ ಬೇಡುವ ಉಡುಪಿನ ಬೆಲೆಯೂ ಅದರಲ್ಲಿ ಸೇರಬೇಕು.

ಪತ್ರಿಕೆಗಳು ಋತುವಿಗೊಂದು ಶೈಲಿಯನ್ನು ಸಾರುತ್ತಿರಲಿ, ಆಕ್ಷೇಪವಿಲ್ಲ. ಆದರೆ ಮುಂದಿನ ಸಲ ಸಂದರ್ಶನದ ಮೇಜಿನಾಚೆ ಸಡಿಲ ಅಂಗಿಯ ಯುವಕನೊಬ್ಬ ಕುಳಿತಾಗ, ಅವನು ಯಾವ ರೈಲಿನಲ್ಲಿ ನಿಂತು ಬಂದನೆಂಬುದನ್ನು ನಾವು ಕೇಳಿಕೊಳ್ಳಬೇಕು. ಅಂಕ ಕೊಡುವುದು ಆಮೇಲಿನ ಮಾತು.