ತಂಡ ಅವರದು, ಬಿಲ್ಲು ಊರಿನದು!

"ನಮ್ಮ ತಂಡ" ಅನ್ನುವ ಎರಡು ಪದ ಎಷ್ಟು ದುಬಾರಿ ಅಂತ ತಿಳಿಯಬೇಕಾದರೆ ಅಮೆರಿಕದ ಸಿನ್ಸಿನಾಟಿಯ ಕಥೆ ಕೇಳಬೇಕು. ಓಹಾಯೋ ನದಿಯ ದಂಡೆಯಲ್ಲಿರುವ, ಮೂರು ಲಕ್ಷ ಚಿಲ್ಲರೆ ಜನರ ಊರು. ಅಲ್ಲಿಯ ಅಮೆರಿಕನ್ ಫುಟ್‌ಬಾಲ್ ತಂಡದ ಹೆಸರು ಬೆಂಗಾಲ್ಸ್. ಹೌದು, ನಮ್ಮ ಬಂಗಾಳದ ಹುಲಿಯೇ! ಊರವರಿಗೆ ಅದು ನಮ್ಮ ತಂಡ. ಕಾಗದದಲ್ಲಿ ಮಾತ್ರ ಅದು ಒಂದು ಕುಟುಂಬದ ಹಿಡಿತದಲ್ಲಿರುವ ಕಂಪನಿ.

1995ರಲ್ಲಿ ಅದೇ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನ ತಂಡವನ್ನು ಬಾಲ್ಟಿಮೋರಿಗೆ ಒಯ್ಯುತ್ತೇನೆಂದು ಅದರ ಮಾಲೀಕರು ಸಾರಿದರು, ಆಟಗಾರರನ್ನು ಒಯ್ದೂಬಿಟ್ಟರು. ನಮ್ಮದೂ ಹೋದರೆ? ಸಿನ್ಸಿನಾಟಿಯವರಿಗೆ ಎದೆ ಢವಢವ. 1996ರ ಮಾರ್ಚಿನಲ್ಲಿ ಅಲ್ಲಿಯ ಹ್ಯಾಮಿಲ್ಟನ್ ಕೌಂಟಿಯ, ಅಂದರೆ ಜಿಲ್ಲೆಯ, ಮತದಾರರು ಮಾರಾಟ ತೆರಿಗೆ ಏರಿಸಲು ಒಪ್ಪಿದರು. ನೂರು ಡಾಲರಿನ ಸಾಮಾನಿಗೆ ಅರ್ಧ ಡಾಲರ್ ಹೆಚ್ಚು. ಆ ದುಡ್ಡಿನಲ್ಲಿ ಫುಟ್‌ಬಾಲಿಗೊಂದು, ಬೇಸ್‌ಬಾಲಿಗೊಂದು ಕ್ರೀಡಾಂಗಣ. ಮನೆ ಇದ್ದವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಎಂದು ಮೂಗಿಗೆ ತುಪ್ಪ ಸವರಿದ್ದೂ ಆಯಿತು.

ಫುಟ್‌ಬಾಲ್ ಕ್ರೀಡಾಂಗಣ 2000ದಲ್ಲಿ ತೆರೆಯಿತು. ಕರಾರು ಹೇಗಿತ್ತು ಗೊತ್ತೇ? ದುರಸ್ತಿ, ಸುಧಾರಣೆಯ ಖರ್ಚಿನ ದೊಡ್ಡ ಹೊರೆ ಕೌಂಟಿಯ ತಲೆಗೆ. ಮುಂದೆಂದಾದರೂ ಹೋಲೋಗ್ರಾಮ್ ಮರುಪ್ರಸಾರದ ಯಂತ್ರ ಬಂದರೆ ಅದರ ಮಾತು ಕೂಡ ಕರಾರಿನಲ್ಲಿತ್ತು! 2008ರ ಆರ್ಥಿಕ ಕುಸಿತದ ನಂತರ ತೆರಿಗೆ ಹಣ ಸಾಲದೆ ಬಂದಾಗ ಕತ್ತರಿ ಬಿದ್ದದ್ದು ಯಾವುದಕ್ಕೆ? ಮನೆಯವರ ರಿಯಾಯಿತಿಗೆ. 2025ರಲ್ಲಿ ಮತ್ತೆ ಹೊಸ ಕರಾರು. ಸುಮಾರು 47 ಕೋಟಿ ಡಾಲರಿನ ನವೀಕರಣದಲ್ಲಿ ಸುಮಾರು 35 ಕೋಟಿ ಕೌಂಟಿಯದು. ತವರಿನಲ್ಲಿ ಆಡುವ ಲೀಗ್ ಪಂದ್ಯಗಳು ಮಾತ್ರ ವರ್ಷಕ್ಕೆ ಎಂಟೋ ಒಂಬತ್ತೋ.

ಊರಿಗೆ ವ್ಯಾಪಾರ ಬರುತ್ತದಲ್ಲಾ ಅನ್ನುತ್ತಾರೆ. ಸ್ವಾಮಿ, ಊರವನೇ ಟಿಕೆಟಿಗೆ ಕೊಟ್ಟ ದುಡ್ಡು ಅದೇ ಊರಿನ ಹೋಟೆಲಿಗೋ ಸಿನಿಮಾಕ್ಕೋ ಹೋಗಬೇಕಿದ್ದ ದುಡ್ಡು. ಅದು ಜೇಬು ಬದಲಿಸಿತು, ಹುಟ್ಟಲಿಲ್ಲ. ಅರ್ಥಶಾಸ್ತ್ರಜ್ಞರಾದ ರೋಜರ್ ನೋಲ್, ಆಂಡ್ರ್ಯೂ ಜಿಂಬಲಿಸ್ಟ್ 1997ರಲ್ಲೇ ಒಂದು ಇಡೀ ಪುಸ್ತಕ ಹೊರತಂದು ಈ ಲೆಕ್ಕ ಬಿಡಿಸಿಟ್ಟಿದ್ದಾರೆ.

ಜನರೇ ಮತ ಹಾಕಿದ್ದಲ್ಲವೇ ಎಂದೂ ಕೇಳಬಹುದು. ಹೌದು, ಹಾಕಿದ್ದಾರೆ. ಆದರೆ ಬಾಗಿಲಲ್ಲಿ ಗಂಟುಮೂಟೆ ಕಟ್ಟಿ ನಿಂತವನ ಎದುರು ಕೊಟ್ಟ ಒಪ್ಪಿಗೆಯನ್ನು ನಾವು ಸಂತೋಷದ ಒಪ್ಪಿಗೆ ಅನ್ನಲಾರೆವು.

ಅಭಿಮಾನ ಸುಳ್ಳಲ್ಲ. 2022ರ ಜನವರಿಯಲ್ಲಿ, 31 ವರ್ಷಗಳ ನಂತರ, ಬೆಂಗಾಲ್ಸ್ ಒಂದು ಪ್ಲೇಆಫ್ ಪಂದ್ಯ ಗೆದ್ದಿತು. ಅಷ್ಟು ಕಾಲ ಕಾದವರ ಖುಷಿಯನ್ನು ಹಂಗಿಸಲು ನಮಗೆ ಮನಸ್ಸಿಲ್ಲ. ನಮ್ಮ ಸಿಟ್ಟು ಆ ಖುಷಿಯನ್ನೇ ಒತ್ತೆ ಇಟ್ಟುಕೊಂಡು ವಸೂಲಿ ಮಾಡುವವರ ಮೇಲೆ.

ಬೇರೆ ದಾರಿ ಇಲ್ಲವೇ? ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ನೋಡಿ. ಲಕ್ಷ ಚಿಲ್ಲರೆ ಜನ ಅಷ್ಟೆ. ಅಲ್ಲಿಯ ಪ್ಯಾಕರ್ಸ್ ತಂಡ 1923ರಿಂದ ಲಾಭರಹಿತ ಸಂಸ್ಥೆ. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು, ಲಾಭಾಂಶ ಒಂದು ಸೆಂಟೂ ಇಲ್ಲ. ಅಲ್ಲೂ 2000ದಲ್ಲಿ ಕ್ರೀಡಾಂಗಣಕ್ಕೆಂದು ಅರ್ಧ ಶೇಕಡಾ ತೆರಿಗೆಗೆ ಜನ ಒಪ್ಪಿದ್ದರು. ಆದರೆ 2015ರಲ್ಲಿ ಆ ತೆರಿಗೆ ನಿಂತಿತು. ತಂಡವನ್ನು ಮಾರಿ ಒಯ್ಯುವ ಯಜಮಾನ ಅಲ್ಲಿಲ್ಲ. ಇಂಥ ಒಡೆತನಕ್ಕೆ ಬೇರೆ ತಂಡಗಳಿಗೆ ಲೀಗ್ ಅವಕಾಶವನ್ನೇ ಕೊಡುವುದಿಲ್ಲ. ಯಾಕೆಂದು ಬಿಡಿಸಿ ಹೇಳಬೇಕೇ?

ಬಿಲ್ಲು ಕಟ್ಟುವಾಗ "ನಮ್ಮದು" ಅನ್ನಿಸುವವರು ಪತ್ರದಲ್ಲೂ "ನಮ್ಮದು" ಅಂತ ಬರೆದುಕೊಡಲಿ. ಇಲ್ಲವಾದರೆ ಬಿಲ್ಲನ್ನೂ ಅವರೇ ಕಟ್ಟಲಿ. ಏನಂತೀರಿ?