ಸರಪಳಿ ಹುಡುಕಬೇಡಿ, ಸಾಲದ ಲೆಕ್ಕ ಕೇಳಿ

ಜೀತ ಇನ್ನೂ ಇದೆಯಾ ಅಂತ ನಮ್ಮ ಗೌರಿಬಿದನೂರು ಕಡೆ ಯಾರನ್ನಾದರೂ ಕೇಳಿ ನೋಡಿ. ‘ಅದೆಲ್ಲಾ ತಾತನ ಕಾಲದ್ದು ಬಿಡಿ’ ಅಂತಾರೆ. ಕಾಗದದ ಮೇಲೆ ಅದು ನಿಜವೇ. ಇಡೀ ದೇಶದಲ್ಲಿ ಜೀತ ರದ್ದಾದದ್ದು 1975ರ ಅಕ್ಟೋಬರ್ 25ರಂದು. 1976ರಲ್ಲಿ ಕಾಯ್ದೆಯೂ ಬಂತು. ಆದರೆ ನನ್ನ ಪ್ರಕಾರ ಹೆಸರು ಹೋಗಿದೆ, ವ್ಯವಹಾರ ಹೋಗಿಲ್ಲ. ಇವತ್ತು ಅದನ್ನು ‘ಅಡ್ವಾನ್ಸ್’ ಅಂತೀವಿ.

ಮದುವೆ, ಆಸ್ಪತ್ರೆ, ಬತ್ತಿದ ಬೋರ್‌ವೆಲ್: ಯಾವುದೋ ಒಂದು ಖರ್ಚಿಗೆ ಮುಂಗಡ ಹಣ ತಗೊಳ್ತಾರೆ. ಅದು ತೀರುವ ತನಕ ಬೇರೆ ಕಡೆ ಕೆಲಸಕ್ಕೆ ಹೋಗುವಂತಿಲ್ಲ. ಕೂಲಿ ಎಷ್ಟು ಜಮೆಯಾಯಿತು, ಎಷ್ಟು ಬಾಕಿ ಉಳಿಯಿತು ಅನ್ನೋ ಲೆಕ್ಕ ಸಾಲ ಕೊಟ್ಟವನ ಪುಸ್ತಕದಲ್ಲೇ ಇರುತ್ತೆ. ಇದು ಇಟ್ಟಿಗೆ ಗೂಡಿನಲ್ಲಿ ನಡೆದರೂ ಜೀತ, ತೋಟದಲ್ಲಿ ನಡೆದರೂ ಜೀತ. ಸರಪಳಿ ಬೇಕಾಗಿಲ್ಲ.

ಪಕ್ಕದ ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಊರು. ಆ ರೇಷ್ಮೆ ಉದ್ಯಮಕ್ಕೂ ಇಂಥದ್ದೇ ಚರಿತ್ರೆಯಿದೆ. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಕರ್ನಾಟಕ, ತಮಿಳುನಾಡು, ಉತ್ತರ ಪ್ರದೇಶಗಳ ರೇಷ್ಮೆ ಉದ್ಯಮದ ಬಗ್ಗೆ ವರದಿ ಕೊಟ್ಟಿತು. ಹೆತ್ತವರು ಪಡೆದ ಮುಂಗಡಕ್ಕಾಗಿ ಮಕ್ಕಳು ನೂಲು ಬಿಚ್ಚಾಣಿಕೆಯಲ್ಲಿ, ಕುದಿಯುವ ನೀರಿಗೆ ಕೈ ಹಾಕಿ ದುಡಿಯುತ್ತಿದ್ದದ್ದನ್ನು ಅದು ದಾಖಲಿಸಿತ್ತು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಜೊತೆ ಸಂಸ್ಥೆಗಳ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ 4.96 ಕೋಟಿ ಜನ ಆಧುನಿಕ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 2.76 ಕೋಟಿ ಜನರದ್ದು ಬಲವಂತದ ದುಡಿಮೆ. ಖಾಸಗಿ ವಲಯದಲ್ಲಿ ಹೀಗೆ ದುಡಿಯುವ ಐವರಲ್ಲಿ ಸುಮಾರು ಒಬ್ಬರನ್ನು ಕಟ್ಟಿಹಾಕಿರುವುದು ಸಾಲ.

ಹಾಗಾದರೆ ಕಾನೂನು ದುರ್ಬಲವಾ? ಇಲ್ಲ. 1976ರ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸುವ ಹಂಗೇ ಇಲ್ಲ. ಅದು ಜೀತದ ಸಾಲವಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನು, ದುಡಿದವನಲ್ಲ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳೋದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಗಂಟು ಇರೋದು ಒಂದು ಹಾಳೆಯಲ್ಲಿ: ಬಿಡುಗಡೆ ಪತ್ರ. ಅದನ್ನು ಕೊಡಬೇಕಾದವರು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ. ಅದಿಲ್ಲದೆ ಪುನರ್ವಸತಿ ಇಲ್ಲ. ಪತ್ರ ಕೊಟ್ಟರೆ ‘ನಮ್ಮ ಜಿಲ್ಲೆಯಲ್ಲಿ ಜೀತ ಇದೆ’ ಅಂತ ಆಡಳಿತವೇ ಸಹಿ ಹಾಕಿದಂತೆ. ಇದನ್ನು ‘ಕೂಲಿ ತಕರಾರು’ ಅಂತಲೋ ‘ಸಾಲದ ವ್ಯವಹಾರ’ ಅಂತಲೋ ಬರೆದು ಫೈಲ್ ಮುಚ್ಚೋದು ಸುಲಭ. ಅದರ ಮೇಲೆ 2016ರ ಕೇಂದ್ರ ಯೋಜನೆ ಒಂದರಿಂದ ಮೂರು ಲಕ್ಷ ರೂಪಾಯಿ ಪರಿಹಾರ ಘೋಷಿಸಿ, ಅದನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿತು. ಕೈಗೆ ಬೇಗ ಸಿಗುವಂತಿದ್ದದ್ದು ಇಪ್ಪತ್ತು ಸಾವಿರ ಮಾತ್ರ. ಕೇಸು ಮುಗಿಯೋವರೆಗೆ ಆ ಸಂಸಾರ ಏನು ತಿನ್ನಬೇಕು? ಮತ್ತೆ ಅಡ್ವಾನ್ಸೇ.

2016ರಲ್ಲೇ ಕೇಂದ್ರ ಸರ್ಕಾರ 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿ ಹೇಳಿತು. 1978ರಿಂದ ನಾಲ್ಕು ದಶಕಗಳಲ್ಲಿ ಪುನರ್ವಸತಿ ಪಡೆದವರು ಸುಮಾರು ಮೂರು ಲಕ್ಷ. ಈ ಎರಡು ಅಂಕಿಗಳ ನಡುವಿನ ಜನ ಯಾರ ಕಡತದಲ್ಲೂ ಇಲ್ಲ.

1938ರ ಏಪ್ರಿಲ್ 25ರಂದು ಇದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಿಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ನೆಲದ ಹೆಮ್ಮೆ ನಮಗಿದೆ, ಇರಲಿ. ಆದರೆ ದುಡಿಯುವವನಿಗೆ ಬೇಡವಾದ ಕೆಲಸ ಬಿಟ್ಟು ಹೋಗುವ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ ಅಲ್ವಾ?

ಓದಿ ಸುಮ್ಮನಾಗಬೇಡಿ. ಪ್ರತಿ ಜಿಲ್ಲೆಯಲ್ಲೂ ಪ್ರತಿ ಉಪವಿಭಾಗದಲ್ಲೂ ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಸದಸ್ಯರಿರಬೇಕು ಅನ್ನುತ್ತೆ ಕಾಯ್ದೆ. ಹತ್ತು ರೂಪಾಯಿಯ ಒಂದು ಆರ್‌ಟಿಐ ಅರ್ಜಿ ಹಾಕಿ. ಸಮಿತಿ ಕಳೆದ ಮೂರು ವರ್ಷದಲ್ಲಿ ಎಷ್ಟು ಸಲ ಸೇರಿದೆ, ಸದಸ್ಯರು ಯಾರು, ಎಷ್ಟು ಬಿಡುಗಡೆ ಪತ್ರ ಕೊಟ್ಟಿದ್ದಾರೆ, ಎಷ್ಟು ಅರ್ಜಿ ತಿರಸ್ಕರಿಸಿದ್ದಾರೆ, ಯಾಕೆ ಅಂತ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ‘ಸೊನ್ನೆ’ ಅಂತ ಬಂದರೆ, ಜೀತ ಇಲ್ಲ ಅಂದುಕೊಳ್ಳಬೇಡಿ. ಹುಡುಕಿದವರು ಯಾರು ಅಂತ ಇನ್ನೊಂದು ಅರ್ಜಿ ಹಾಕಿ.