ಮನೆಯ ರೂಟರ್: ಬೀಗ ಗ್ರಾಹಕರದ್ದು, ಕೀಲಿ ಯಾರದ್ದು?

2017ರ ಜುಲೈ ತಿಂಗಳ ಕೊನೆಯ ವಾರ ರಾಜ್ಯದ ಸಾವಿರಾರು ಮನೆಗಳಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸಂಪರ್ಕ ಏಕಾಏಕಿ ಸ್ತಬ್ಧಗೊಂಡಿತು. ತಂತಿ ತುಂಡಾಗಿರಲಿಲ್ಲ; ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ದೋಷವಿರಲಿಲ್ಲ. ಕೆಟ್ಟಿದ್ದು ಮನೆಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತ ಕುಳಿತಿದ್ದ ಪುಟ್ಟ ಪೆಟ್ಟಿಗೆ. ಹೊರಗಿನಿಂದ ನುಗ್ಗಿದ ಕುತಂತ್ರಾಂಶವೊಂದು ಅದನ್ನು ನಿಷ್ಕ್ರಿಯಗೊಳಿಸಿತ್ತು. ಕರ್ನಾಟಕ ವೃತ್ತದಲ್ಲಿ ದಾಳಿಗೆ ಗುರಿಯಾದ ಮೋಡೆಮ್‌ಗಳ ಸಂಖ್ಯೆ ಸುಮಾರು 60,000 ಎಂದು ಅಂದು ವರದಿಯಾಯಿತು. ಅವುಗಳಲ್ಲಿ ಸಮಾನವಾಗಿದ್ದ ಅಂಶ ಒಂದೇ: ಬಳಕೆದಾರನ ಹೆಸರೂ 'ಅಡ್ಮಿನ್', ಗುಪ್ತಪದವೂ 'ಅಡ್ಮಿನ್'.

ಗುಪ್ತಪದವನ್ನು ಕೂಡಲೇ ಬದಲಿಸಿಕೊಳ್ಳುವಂತೆ ಸಂಸ್ಥೆ ತನ್ನ ಗ್ರಾಹಕರಿಗೆ ಮನವಿ ಮಾಡಿತು. ಸಲಹೆಯಲ್ಲಿ ತಪ್ಪೇನೂ ಇಲ್ಲ. ಆದರೆ ಅಂಥ ಗುಪ್ತಪದವೊಂದು ಇದೆ ಎಂಬುದಾದರೂ ಎಷ್ಟು ಗ್ರಾಹಕರಿಗೆ ತಿಳಿದಿತ್ತು? ಪೆಟ್ಟಿಗೆಯನ್ನು ಮನೆಗೆ ತಂದು, ಗೋಡೆಗೆ ಜೋಡಿಸಿ, ಒಮ್ಮೆ ಗೂಗಲ್ ಪುಟ ತೆರೆದು ತೋರಿಸಿ, ಸಹಿ ಪಡೆದು ಹೊರಡುವುದು ಲೈನ್‌ಮನ್‌ಗಳ ಪರಿಪಾಠ. ಅದಕ್ಕಿಂತ ಮುಖ್ಯವಾಗಿ, ಮೋಡೆಮ್‌ಗಳನ್ನು ದೂರದಿಂದ ನಿರ್ವಹಿಸಲು ಸೇವಾದಾರರು ಬಳಸುವ ದ್ವಾರವೇ ಹೊರಜಗತ್ತಿಗೆ ತೆರೆದುಕೊಂಡಿತ್ತು ಎಂದು ಭದ್ರತಾ ಸಂಶೋಧಕರು ಆಗ ಬೊಟ್ಟುಮಾಡಿದ್ದರು. ಆ ದ್ವಾರವನ್ನು ಮುಚ್ಚುವುದು ಗೃಹಿಣಿಯ ಅಥವಾ ನಿವೃತ್ತ ಶಿಕ್ಷಕರ ಕೈಯಲ್ಲಿಲ್ಲ. ಹೊಣೆಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಇದು ಕರ್ನಾಟಕಕ್ಕಷ್ಟೇ ಬಂದೊದಗಿದ ವಿಪತ್ತಲ್ಲ. ಹಿಂದಿನ ವರ್ಷ, 2016ರಲ್ಲಿ, 'ಮಿರಾಯ್' ಎಂಬ ಕುತಂತ್ರಾಂಶ ಅರವತ್ತಕ್ಕೂ ಹೆಚ್ಚು ಸಿದ್ಧ ಹೆಸರು–ಗುಪ್ತಪದಗಳ ಪಟ್ಟಿಯೊಂದನ್ನು ಹಿಡಿದು ಜಗತ್ತಿನ ಕ್ಯಾಮೆರಾ, ರೂಟರ್‌ಗಳ ಬಾಗಿಲು ತಟ್ಟುತ್ತ ಹೋಯಿತು. ಹಾಗೆ ವಶವಾದ ಸಾಧನಗಳ ಸೈನ್ಯವು ಅದೇ ವರ್ಷದ ಅಕ್ಟೋಬರ್ 21ರಂದು ಅಮೆರಿಕದ 'ಡಿನ್' ಸಂಸ್ಥೆಯ ಮೇಲೆ ಎರಗಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಹೆಸರಾಂತ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ನವೆಂಬರ್‌ನಲ್ಲಿ ಜರ್ಮನಿಯ ಡಾಯ್ಚ ಟೆಲಿಕಾಮ್ ಸಂಸ್ಥೆಯ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕಡಿದುಬಿತ್ತು. 2018ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ 'ವಿಪಿಎನ್‌ಫಿಲ್ಟರ್' 54 ದೇಶಗಳ ಕನಿಷ್ಠ 5 ಲಕ್ಷ ಸಾಧನಗಳಲ್ಲಿ ಸದ್ದಿಲ್ಲದೆ ಬೀಡುಬಿಟ್ಟಿತ್ತು.

ಬಿಎಸ್‌ಎನ್‌ಎಲ್ ಮೋಡೆಮ್‌ಗಳ ಮೇಲಿನ ದಾಳಿ ಒಂದರ್ಥದಲ್ಲಿ ಪ್ರಾಮಾಣಿಕವಾದುದು. ಸಾಧನ ಕೆಟ್ಟಿತು, ಮನೆಯವರಿಗೆ ತಿಳಿಯಿತು. ವಶವಾದ ರೂಟರ್‌ಗಳ ಪೈಕಿ ಹೆಚ್ಚಿನವು ಹಾಗಲ್ಲ. ಅವು ಎಂದಿನಂತೆ ಚಲನಚಿತ್ರ ತೋರಿಸುತ್ತವೆ, ಬ್ಯಾಂಕಿನ ವ್ಯವಹಾರ ನಡೆಸಿಕೊಡುತ್ತವೆ. ಜೊತೆಗೆ ಮತ್ತಾರದೋ ಕೆಲಸವನ್ನೂ ಮಾಡುತ್ತಿರುತ್ತವೆ. ತಯಾರಕರ ಬೆಂಬಲ ನಿಂತುಹೋದ ಹಳೆಯ ರೂಟರ್‌ಗಳನ್ನು ವಶಪಡಿಸಿಕೊಂಡು, ಅವುಗಳ ವಿಳಾಸವನ್ನು ಅಪರಾಧಿಗಳಿಗೆ ಬಾಡಿಗೆಗೆ ಕೊಡುವ ಜಾಲಗಳ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಮೇ ತಿಂಗಳಲ್ಲಿ ಎಚ್ಚರಿಕೆ ಪ್ರಕಟಿಸಿತು. ವಂಚನೆ ಎಲ್ಲಿಯೋ ನಡೆಯುತ್ತದೆ. ದಾಖಲೆಯಲ್ಲಿ ಉಳಿಯುವುದು ಮನೆಯೊಂದರ ವಿಳಾಸ.

ವಿಳಾಸವೊಂದು ಏನು ಮಾಡಬಲ್ಲುದು ಎಂಬುದಕ್ಕೆ ಭಾರತದಲ್ಲಿ ಹಳೆಯ ನಿದರ್ಶನವಿದೆ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟ ಸಂಭವಿಸುವುದಕ್ಕೆ ಕೆಲವೇ ನಿಮಿಷಗಳ ಮುನ್ನ ಮಾಧ್ಯಮಗಳಿಗೆ ಇ-ಮೇಲ್ ಬಂದಿತ್ತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯಲ್ಲಿ ನೆಲೆಸಿದ್ದ ಅಮೆರಿಕನ್ ಪ್ರಜೆಯೊಬ್ಬನ ಮನೆಯನ್ನು. ಆತನ ವೈ-ಫೈ ಸಂಪರ್ಕಕ್ಕೆ ಸಮರ್ಪಕ ರಕ್ಷಣೆ ಇರಲಿಲ್ಲ. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳನ್ನು ಭದ್ರಪಡಿಸುವಂತೆ ಸೇವಾದಾರರಿಗೆ ಸೂಚನೆ ಹೊರಡಿಸಿತು.

ಆ ಬಳಿಕ ಗುಪ್ತಪದವಿಲ್ಲದ ವೈ-ಫೈ ಅಪರೂಪವಾಗಿದೆ, ನಿಜ. ಆದರೆ ಜನಸಾಮಾನ್ಯರಲ್ಲಿ ಇಂದಿಗೂ ಒಂದು ಗೊಂದಲ ಉಳಿದಿದೆ. ರೂಟರ್‌ಗೆ ಎರಡು ಗುಪ್ತಪದಗಳು. ಒಂದು, ಮೊಬೈಲ್ ಅಥವಾ ಲ್ಯಾಪ್‌ಟಾಪನ್ನು ವೈ-ಫೈಗೆ ಜೋಡಿಸುವಾಗ ಕೇಳುವಂಥದ್ದು. ಇನ್ನೊಂದು, ರೂಟರ್‌ನ ಆಡಳಿತ ಪುಟವನ್ನು ತೆರೆಯುವಂಥದ್ದು. ಮೊದಲನೆಯದನ್ನು ಬದಲಿಸಿದವರು ಎರಡನೆಯದೂ ಬದಲಾಯಿತೆಂದು ನಿಶ್ಚಿಂತರಾಗುತ್ತಾರೆ. 2017ರಲ್ಲಿ ಕೈಕೊಟ್ಟಿದ್ದು ಎರಡನೆಯದು.

ಮೊದಲನೆಯದಾದರೂ ಗಟ್ಟಿಯೇ? ಹಲವೆಡೆ ತಂತ್ರಜ್ಞರು ಚಂದಾದಾರರ ಮೊಬೈಲ್ ಸಂಖ್ಯೆಯನ್ನೇ ಗುಪ್ತಪದವಾಗಿ ಇಟ್ಟುಹೋಗುತ್ತಾರೆ. ಮರೆಯಲಾರದು ಎಂಬುದು ಅವರ ಸಮರ್ಥನೆ. ನೆರೆಹೊರೆಗೂ ಅದು ಗೊತ್ತಿರುತ್ತದೆ ಎಂಬುದು ಬೇರೆ ಮಾತು. 6ರಿಂದ 9ರ ನಡುವಿನ ಅಂಕಿಯಿಂದ ಆರಂಭವಾಗುವ ಹತ್ತು ಅಂಕಿಗಳ ಸಂಖ್ಯೆಗಳು ಒಟ್ಟು 400 ಕೋಟಿ. ಕೇಳಲು ದೊಡ್ಡ ಮೊತ್ತವೇ. ಆದರೆ ಗಾಳಿಯಲ್ಲಿ ಹಾದುಹೋಗುವ ವೈ-ಫೈ ಸಂಕೇತವನ್ನು ಹಿಡಿದಿಟ್ಟುಕೊಂಡವನಿಗೆ, ಪ್ರಬಲ ಗ್ರಾಫಿಕ್ಸ್ ಕಾರ್ಡ್ ಉಳ್ಳ ಕಂಪ್ಯೂಟರ್‌ನಲ್ಲಿ ಅಷ್ಟನ್ನೂ ಪರೀಕ್ಷಿಸುವುದು ಕೆಲವೇ ಗಂಟೆಗಳ ಕೆಲಸ. ಪರಸ್ಪರ ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಕೂಡಿಸಿದ ಉದ್ದನೆಯ ಗುಪ್ತಪದ ಇದಕ್ಕಿಂತ ಎಷ್ಟೋ ಪಾಲು ಭದ್ರ.

ಆಡಳಿತ ಪುಟ ತಲುಪುವುದು ಕಠಿಣವೇನಲ್ಲ. ಮನೆಯ ವೈ-ಫೈಗೆ ಸೇರಿದ ಯಾವುದೇ ಕಂಪ್ಯೂಟರ್ ಅಥವಾ ಮೊಬೈಲ್‌ನ ಬ್ರೌಸರ್‌ನಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂದು ಬರೆದರೆ ಪುಟ ತೆರೆದುಕೊಳ್ಳುತ್ತದೆ. ನಿಖರ ವಿಳಾಸ ಸಾಧನದ ತಳಭಾಗದ ಚೀಟಿಯಲ್ಲಿರುತ್ತದೆ. ಅಲ್ಲಿ ಮೊದಲು ಆಗಬೇಕಾದದ್ದು ಆಡಳಿತ ಗುಪ್ತಪದದ ಬದಲಾವಣೆ. ವೈ-ಫೈ ರಕ್ಷಣೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಬೇಕು. ಗುಂಡಿಯೊತ್ತಿ ಅಥವಾ ಎಂಟಂಕಿಯ ಪಿನ್ ಕೊಟ್ಟು ಸಾಧನ ಜೋಡಿಸುವ ಡಬ್ಲ್ಯುಪಿಎಸ್ ಸೌಲಭ್ಯದ ಪಿನ್ ದೌರ್ಬಲ್ಯ 2011ರಲ್ಲಿಯೇ ಬಯಲಾಗಿದ್ದು, ಅದನ್ನು ಆರಿಸಿಡುವುದು ಕ್ಷೇಮ. ಹೊರಗಿನಿಂದ ಆಡಳಿತ ಪುಟ ತೆರೆಯುವ ಅವಕಾಶವಿದ್ದರೆ ಅದನ್ನೂ ಮುಚ್ಚಬೇಕು. ಬಂದುಹೋಗುವವರಿಗೆ, ಟಿವಿ–ಕ್ಯಾಮೆರಾಗಳಿಗೆ ಪ್ರತ್ಯೇಕ 'ಅತಿಥಿ' ಜಾಲ ಕೊಡುವುದು ಜಾಣತನ.

ರೂಟರನ್ನು ಆರಿಸಿ ಮತ್ತೆ ಹಚ್ಚಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಮಿರಾಯ್‌ನಂಥವು ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ನೆಲೆಸುವುದರಿಂದ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತವೆ. ಆ ಮಟ್ಟಿಗೆ ನಮ್ಮ ಲೋಡ್ ಶೆಡ್ಡಿಂಗ್ ಅಯಾಚಿತ ಉಪಕಾರವನ್ನೇ ಮಾಡಿರಬಹುದು! ಆದರೆ ಗುಪ್ತಪದ ಹಳೆಯದೇ ಇದ್ದರೆ ಅವು ನಿಮಿಷಗಳಲ್ಲಿ ಮರಳುತ್ತವೆ. ವಿಪಿಎನ್‌ಫಿಲ್ಟರ್‌ನ ಒಂದು ಭಾಗವಂತೂ ಮರುಚಾಲನೆಗೂ ಜಗ್ಗುತ್ತಿರಲಿಲ್ಲ. ಅಂಥಲ್ಲಿ ಉಳಿದ ದಾರಿ ಕಾರ್ಖಾನೆ ಸ್ಥಿತಿಗೆ ಮರಳಿಸಿ, ಒಳಗಿನ ತಂತ್ರಾಂಶವಾದ ಫರ್ಮ್‌ವೇರ್ ಪರಿಷ್ಕರಿಸುವುದು. ಆದರೆ ಸೂಜಿಮೊನೆಯಿಂದ ಆ ಗುಂಡಿ ಒತ್ತುವ ಮುನ್ನ ಸೇವಾದಾರರು ಕೊಟ್ಟ ಲಾಗಿನ್ ವಿವರವನ್ನು ಬರೆದಿಟ್ಟುಕೊಂಡಿರಬೇಕು. ಇಲ್ಲವಾದರೆ ಅದೂ ಅಳಿಸಿಹೋಗಿ, ತಂತ್ರಜ್ಞರ ದಾರಿ ಕಾಯುವುದೇ ಗತಿ.

ಇಷ್ಟೆಲ್ಲ ಕಲಿತ ಗ್ರಾಹಕನಿಗೂ ಆಪ್ಟಿಕಲ್ ಫೈಬರ್ ಯುಗದಲ್ಲಿ ಹೊಸ ತೊಡಕು ಎದುರಾಗಿದೆ. ಸಂಪರ್ಕದೊಡನೆ ಬರುವ ಪೆಟ್ಟಿಗೆಯ ಪೂರ್ಣ ಆಡಳಿತ ಗುಪ್ತಪದವನ್ನು ಹಲವು ಸೇವಾದಾರರು ಗ್ರಾಹಕರಿಗೆ ನೀಡುವುದಿಲ್ಲ. ವೈ-ಫೈ ಹೆಸರು ಮತ್ತು ಗುಪ್ತಪದ ಬದಲಿಸುವಷ್ಟು ಅಧಿಕಾರ ಸಿಕ್ಕರೆ ಸಿಕ್ಕಿತು. ಅರಿಯದೆ ಯಾವುದೋ ಅಂಕಿ ಬದಲಿಸಿದರೆ ಸಂಪರ್ಕವೇ ಕಡಿದುಹೋಗುತ್ತದೆ ಎಂಬ ಅವರ ವಾದ ನಿರಾಧಾರವೇನಲ್ಲ. ಹಾಗಿದ್ದಲ್ಲಿ ಫರ್ಮ್‌ವೇರ್ ಪರಿಷ್ಕರಣೆ, ದೂರನಿರ್ವಹಣಾ ದ್ವಾರದ ಕಾವಲು, ಹಳತಾದ ಪೆಟ್ಟಿಗೆಯ ಬದಲಾವಣೆ ಇವೆಲ್ಲವೂ ಸೇವಾದಾರರ ಲಿಖಿತ ಹೊಣೆಯಾಗಬೇಕು. ಕೀಲಿ ತಮ್ಮಲ್ಲಿಟ್ಟುಕೊಂಡು, ಕಳವಾದಾಗ ಮನೆಯವರನ್ನು ದೂರುವುದು ನ್ಯಾಯವಲ್ಲ.

ಕಾನೂನು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ. ಎಲ್ಲ ಸಾಧನಗಳಿಗೂ ಒಂದೇ ಸಿದ್ಧ ಗುಪ್ತಪದ ಕೊಡುವುದನ್ನು ಕ್ಯಾಲಿಫೋರ್ನಿಯಾ 2020ರ ಜನವರಿಯಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ ತಡೆದಿವೆ. ಭದ್ರತಾ ಪರಿಷ್ಕರಣೆ ಕನಿಷ್ಠ ಎಷ್ಟು ಕಾಲ ದೊರೆಯುತ್ತದೆ ಎಂಬುದನ್ನು ತಯಾರಕರು ಮೊದಲೇ ಪ್ರಕಟಿಸಬೇಕೆಂದೂ ಬ್ರಿಟನ್ ವಿಧಿಸಿದೆ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅಧೀನದಲ್ಲಿ ಬೆಂಗಳೂರಿನಿಂದ ಕಾರ್ಯನಿರ್ವಹಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರವು ಗ್ರಾಹಕರ ಮನೆಯ ವೈ-ಫೈ ಸಾಧನಗಳಿಗೂ ಭದ್ರತಾ ಮಾನದಂಡ ರೂಪಿಸಿದೆ. ಮಾನದಂಡ ಅನ್ವಯವಾಗುವುದು ಹೊಸದಾಗಿ ಮಾರುಕಟ್ಟೆಗೆ ಬರುವ ಸಾಧನಗಳಿಗೆ. ವರ್ಷಗಳ ಹಿಂದೆ ಗೋಡೆಗೇರಿ ಇನ್ನೂ ದೀಪ ಮಿನುಗಿಸುತ್ತಿರುವ ಪೆಟ್ಟಿಗೆಗಳನ್ನು ಮನೆಮನೆಗೆ ಹೋಗಿ ಬದಲಿಸುವ ವೆಚ್ಚ ಯಾರದು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.